ನಾಲ್ಕು ಕಪ್ಪು ಗೆರೆ

ಇಪ್ಪತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದ ಹೆಂಗಸು ಬಾಯಿ ಮುಚ್ಚಿಕೊಂಡು ನಿಲ್ಲುವುದೆಂದರೆ ಸುಮ್ಮನೆ ಮಾತಲ್ಲ. ಆದರೆ ಮಗಳು ಬೆಳಿಗ್ಗೆಯೇ ತಾಕೀತು ಮಾಡಿದ್ದಳು. "ಅಮ್ಮಾ, ಹೊರಗಿನವರ ಸಹಾಯ ತಗೊಳ್ಳೋ ಹಾಗಿಲ್ಲ. ನೋಡೋರಿಗೆ ಅಂತ ಕಟ್ಟಿರೋ ಹಗ್ಗದ ಆಚೆಯಿಂದ ನೀನು ಒಂದು ಸಲಹೆ ಕೊಟ್ರೂ ನಮ್ಮ ಕಾರು ಸ್ಪರ್ಧೆಯಿಂದ ಔಟ್."

ವಿದ್ಯಾರ್ಥಿಗಳು ವರ್ಷವಿಡೀ ಕಾಲೇಜಿನ ಶೆಡ್ಡಿನಲ್ಲಿ ಬೆವರು ಸುರಿಸಿ ಕಟ್ಟಿದ ರೇಸ್ ಕಾರು ಅದು. ಬ್ರೇಕಿನ ಹೊಣೆ ಮಗಳದು. ಪರೀಕ್ಷೆಯೇನೋ ಸರಳ: ವೇಗವಾಗಿ ಬಂದು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿಕೊಂಡು ರಸ್ತೆಯ ಮೇಲೆ ನಾಲ್ಕು ಕಪ್ಪು ಗೆರೆ ಬೀಳಬೇಕು. ಎರಡು ಸಲವೂ ಮೂರೇ ಬಿದ್ದವು. ಬಲಗಡೆಯ ಹಿಂದಿನ ಚಕ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಉರುಳುತ್ತಲೇ ಇತ್ತು. ಉಳಿದದ್ದು ಒಂದೇ ಅವಕಾಶ. ಅದೂ ಕೈಕೊಟ್ಟರೆ ರೇಸೇ ಇಲ್ಲ.

ತಾಯಿಯ ಮೂಗಿಗೆ ಮೊದಲ ಸಲವೇ ಕಾರಿಗೆ ಹಚ್ಚುವ ಪಾಲಿಶ್ ಸುಟ್ಟ ವಾಸನೆ ಬಡಿದಿತ್ತು. ಅಯ್ಯೋ ದೇವರೇ, ಅಂದಕ್ಕೆಂದು ಬ್ರೇಕಿನ ಡಿಸ್ಕಿಗೂ ಪಾಲಿಶ್ ಬಳಿದಿದ್ದಾರೆ! ಜಾರುವ ಡಿಸ್ಕನ್ನು ಬ್ರೇಕು ಕಚ್ಚುವುದಾದರೂ ಹೇಗೆ? ಮುಖಕ್ಕೆ ಹಚ್ಚುವ ಪೌಡರನ್ನು ಕಣ್ಣಿಗೂ ಹಚ್ಚಿದ ಹಾಗಾಯಿತು. ಈ ಹುಡುಗರು ನೋಡಿದರೆ ಪೆಡಲ್ ಬಿಚ್ಚುತ್ತಿದ್ದಾರೆ, ಲ್ಯಾಪ್‌ಟಾಪ್ ತಡಕಾಡುತ್ತಿದ್ದಾರೆ. ಮಾತು ನಾಲಿಗೆಯ ತುದಿಗೆ ಬಂದು ಕುಣಿಯಿತು. ಹಗ್ಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನುಂಗಿಕೊಂಡಳು.

ಅಷ್ಟರಲ್ಲಿ ಮಗಳು ಆ ಚಕ್ರ ಬಿಚ್ಚಿಸಿದಳು. ಡಿಸ್ಕಿನ ಅಂಚಿಗೆ ಬೆರಳು ಸವರಿ ಮೂಗಿಗೆ ಹಿಡಿದಳು. ಬಸ್ಸು ಹತ್ತುವ ಮುಂಚೆ ತಾಯಿ ಹೀಗೆಯೇ ಚಕ್ರ ಸವರಿ, ಎಣ್ಣೆ ಸೋರಿದೆಯೇ ಎಂದು ಮೂಸುವುದನ್ನು ಚಿಕ್ಕಂದಿನಿಂದ ನೋಡಿದವಳು ಅವಳು.

ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ತಪ್ಪು ನಂದೇ ಕಣ್ರೋ. ಬೆಳಿಗ್ಗೆ ಫೋಟೋಗೆ ಚೆನ್ನಾಗಿ ಕಾಣ್ಲಿ ಅಂತ ಈ ಒಂದು ಡಿಸ್ಕಿಗೆ ಪಾಲಿಶ್ ಹಾಕಿದ್ದು ನಾನೇ. ಒರೆಸೋಕೆ ಸ್ಪಿರಿಟ್ ತನ್ನಿ, ಹೊಸ ಬ್ರೇಕ್ ಪ್ಯಾಡ್ ತನ್ನಿ, ಬೇಗ!"

ತಾಯಿಗೆ ಎದೆ ತುಂಬಿ ಬಂತು. ತಪ್ಪು ಹುಡುಕಿದ್ದಕ್ಕೆ ಹೆಮ್ಮೆ, ಅಳುಕದೆ ಒಪ್ಪಿಕೊಂಡದ್ದಕ್ಕೆ ಇನ್ನೂ ಹೆಚ್ಚು ಹೆಮ್ಮೆ.

ಮೂರನೆಯ ಸಲ ಕಾರು ಬಂತು, ಕಿರ್ರೆಂದಿತು, ನಿಂತಿತು. ನಾಲ್ಕು ಗೆರೆ! ಪಕ್ಕದಲ್ಲಿದ್ದ ಗುರುತಿಲ್ಲದ ಗಂಡಸಿನ ಭುಜಕ್ಕೆ ಒಂದೇಟು ಬಾರಿಸಿ, "ನನ್ನ ಮಗಳ ಬ್ರೇಕು ಕಣ್ರೀ!" ಎಂದಳು ತಾಯಿ. ಆತ ಪಾಪ, ಭುಜ ಉಜ್ಜಿಕೊಳ್ಳುತ್ತಲೇ ಚಪ್ಪಾಳೆ ತಟ್ಟಿದ.

ಮಗಳು ಓಡಿ ಬಂದು ತಾಯಿಯ ಮುಖ ನೋಡಿದಳು. "ಅಮ್ಮಾ, ನಿಂಗೆ ಮೊದಲೇ ಗೊತ್ತಾಗಿತ್ತು, ಅಲ್ವಾ?"

"ಮೊದಲನೇ ಸಲಾನೇ."

"ಮತ್ತೆ ಹೆಂಗಮ್ಮಾ ಸುಮ್ನಿದ್ದೆ?"

ತಾಯಿ ಅಂಗೈ ಬಿಚ್ಚಿ ತೋರಿಸಿದಳು. ಹಗ್ಗದ ಹುರಿ ಅಚ್ಚೊತ್ತಿ ಕೆಂಪಗಾಗಿತ್ತು.

"ಕಾರು ನಿಂದಲ್ವೇನೇ," ಎಂದಳು.