ನೆಲದ ಜ್ವರ

ಹುಲ್ಲುಗಾವಲಿನ ಬೆಂಕಿ ಮೂಗಣ್ಣನಿಗೆ ಅಂಗೈ ಗೆರೆಯಷ್ಟು ಪರಿಚಿತ. ಹೊಗೆಯನ್ನು ಎಲ್ಲರಿಗಿಂತ ಮೊದಲು ಮೂಸಿ ಹಿಡಿಯುತ್ತಾನೆಂದೇ ಊರಿನ ಆ ಬೆಂಕಿ ಕಾವಲುಗಾರನಿಗೆ ಈ ಹೆಸರು. ಹುಲ್ಲು ಭಗ್ಗನೆ ಹೊತ್ತುತ್ತದೆ, ಸಂಜೆಗೆ ಬೂದಿಯಾಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಆದರೆ ಈ ಸಲ ಕೊಳೆತ ಬೇರು, ಹುಲ್ಲು ತುಂಬಿದ, ಎಂದೂ ಒಣಗದ ಜೌಗು ನೆಲವೇ ಒಣಗಿ, ಅದಕ್ಕೂ ಬೆಂಕಿ ತಗುಲಿತ್ತು. ಕಷ್ಟಕ್ಕೆ ಒದಗಬೇಕೆಂದು ನಾಲ್ಕು ದೇಶಗಳು ಮಾಡಿಕೊಂಡ ಒಪ್ಪಂದದಂತೆ ದೂರದ ಜೌಗುನಾಡಿನ ದಳವೊಂದು ಬಂದಿಳಿಯಿತು. ಅದರ ಮುಖ್ಯಸ್ಥೆಯನ್ನು ಮೂಗಣ್ಣ ಅಕ್ಕ ಎನ್ನುತ್ತಿದ್ದ. ಆಕೆ ಕಲಿತ ಇಲ್ಲಿನ ಮಾತು ಎರಡೇ: ನೀರು, ಬಿಸಿ.

ದಳ ಬಂದ ಆರನೆಯ ಬೆಳಿಗ್ಗೆ ಹೊಗೆಯ ಎಳೆಯೂ ಇರಲಿಲ್ಲ. ಬೆಂಕಿಗೆ ಹೆದರಿ ಮನೆ ಬಿಟ್ಟು ಶಾಲೆಯ ಕೋಣೆಗಳಲ್ಲಿ ತಂಗಿದ್ದ ಊರವರು ಗಂಟು ಕಟ್ಟಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಮೂಗಣ್ಣನ ತಾಯಿ. ಮನೆಗೆ ಮರಳುವ ಅಪ್ಪಣೆಯ ಕಾಗದಕ್ಕೆ ಎರಡು ರುಜು ಬೇಕು. ಮೂಗಣ್ಣ ತನ್ನದನ್ನು ಹಾಕಿ ಚಾಚಿದ. ಅಕ್ಕ ಪೆನ್ನು ಮುಟ್ಟಲಿಲ್ಲ.

ಅವನನ್ನು ಅವನದೇ ಬೀದಿಯ ಹಿಂದಕ್ಕೆ ಕರೆದೊಯ್ದು, ಸನಿಕೆಯಿಂದ ಒಂದು ಗೇಣು ಮಣ್ಣು ಸರಿಸಿದಳು. ಅವನ ಕೈಗವಸು ಕಳಚಿ, ಕೈಯ ಹಿಂಬದಿಯನ್ನು ಆ ಗುಂಡಿಗೆ ಇಳಿಸಿದಳು. ಮೂಗಣ್ಣ ಸರಕ್ಕನೆ ಕೈ ಎಳೆದುಕೊಂಡ.

“ಬಿಸಿ,” ಎಂದಳು ಅಕ್ಕ.

ಸುದ್ದಿ ಕೇಳಿ ತಾಯಿ ಸಿಡುಕಿದಳು. “ಮೊನ್ನೆ ಬಂದೋಳ ಮಾತು ಕೇಳ್ಕೊಂಡು ಹೆತ್ತೋಳನ್ನ ಇನ್ನೂ ಬೆಂಚಿನ ಮೇಲೆ ಮಲಗಿಸ್ತೀಯಾ? ನಿನ್ನ ಮೂಗೆಲ್ಲಿ ಬಿಟ್ಟು ಬಂದೆ?”

“ಮೂಗಿಗೆ ಸಿಗಲ್ಲಮ್ಮ ಇದು. ಬೆಂಕಿ ಮಣ್ಣೊಳಗೆ ಕೂತಿದೆ. ನಾವು ಮಲಗಿದಾಗ ಮೇಲೆದ್ರೆ ಮನೆ ಜೊತೆ ನಾವೂ ಹೋಗ್ತೀವಿ.”

“ಮಣ್ಣೊಳಗಿರೋದು ಅವಳಿಗೆ ಹೇಗೆ ಕಾಣ್ತೋ?”

“ಕಾಣ್ಲಿಲ್ಲ. ಮುಟ್ಟಿ ನೋಡಿದ್ಲು, ಹೀಗೆ.” ಅವನು ಕೈ ತಿರುವಿ, ಹಿಂಬದಿಯನ್ನು ಬೆಂಚಿಗೆ ತಾಗಿಸಿದ.

ತಾಯಿ ಆ ಕೈಯನ್ನೇ ನೋಡಿದಳು. ಐದು ಮಕ್ಕಳ ಹಣೆಯನ್ನು ಆಕೆ ಮುಟ್ಟಿ ನೋಡಿದ್ದೂ ಹಾಗೆಯೇ. ದುಡಿದು ಒರಟಾದ ಅಂಗೈಗೆ ಸಣ್ಣ ಕಾವು ತಿಳಿಯುವುದಿಲ್ಲ.

“ಜ್ವರ ನೋಡೋ ಹಾಗಾ? ಮೊದಲೇ ಹೇಳ್ಬಾರ್ದಿತ್ತೇನೋ, ಮಂಕೇ!” ಎಂದವಳೇ ತನ್ನ ಗಂಟು ಬಿಚ್ಚತೊಡಗಿದಳು. ಅದನ್ನು ನೋಡಿ ಉಳಿದವರೂ ಗೊಣಗುತ್ತಲೇ ಬಿಚ್ಚಿದರು.

ಮತ್ತೆ ನಾಲ್ಕು ದಿನ ಎರಡೂ ದೇಶದವರು ಸೇರಿ ನೆಲ ಅಗೆದು ನೀರುಣಿಸಿದರು. ಐದನೆಯ ದಿನ ತಾಯಿ ತಾನೇ ಬಂದು ಅಕ್ಕನ ಪಕ್ಕ ಮೊಣಕಾಲೂರಿದಳು. ಇಬ್ಬರೂ ಕೈ ತಿರುವಿ ಗುಂಡಿಯೊಳಗೆ ಇಟ್ಟರು. ದೇವರ ಮುಂದೆ ಕೂತವರಂತೆ ಕಣ್ಣು ಮುಚ್ಚಿದರು.

“ಇಳಿದಿದೆ,” ಎಂದಳು ತಾಯಿ.

ಅಕ್ಕ ಆ ಹೊಸ ಮಾತನ್ನು ತುಟಿಯಲ್ಲೇ ಒಮ್ಮೆ ಆಡಿಕೊಂಡು, ಮೂಗಣ್ಣನ ಜೇಬಿನ ಪೆನ್ನಿಗೆ ಕೈ ಚಾಚಿದಳು.