ಎರಡು ಮನೆಗಳ ನಡುವಿನ ಗೊಟ್ಟ

ನಾನೊಂದು ಗೊಟ್ಟ. ಮೊಳಕ್ಕಿಂತ ತುಸು ಚಿಕ್ಕದಾದ ಬಿದಿರಿನ ಕೊಳವೆ. ಒಂದು ತುದಿಯಲ್ಲಿ ಬಿದಿರಿನ ಗೆಣ್ಣೇ ನನಗೆ ತಳ. ಇನ್ನೊಂದು ತುದಿಯನ್ನು ಓರೆಯಾಗಿ ಕತ್ತರಿಸಿ ಬಾಯಿ ಮಾಡಿದ್ದಾರೆ. ದನಕುರಿಗಳಿಗೆ ಮದ್ದು, ಗಂಜಿ, ಎಣ್ಣೆ ಕುಡಿಸುವುದು ನನ್ನ ಕೆಲಸ. ನನ್ನನ್ನು ಕಂಡು ಸಂತೋಷಪಟ್ಟ ಪ್ರಾಣಿಯನ್ನು ನಾನು ಈವರೆಗೆ ನೋಡಿಲ್ಲ. ಎತ್ತು ಮೂಗರಳಿಸುತ್ತದೆ, ಹಸು ಹಿಂದೆ ಸರಿಯುತ್ತದೆ, ಕುರಿಗಳಂತೂ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಅಡಗಿಕೊಳ್ಳುತ್ತವೆ.

ನನ್ನನ್ನು ಮಾಡಿದವನು ಹಿರಿಯೂರಿನ ಕಡೆಯ ಮೇದಾರ ಮುದುಕ ಅಂಜಿನಪ್ಪ. ಬಾಯಿಯ ಅಂಚನ್ನು ಕತ್ತಿಯಿಂದ ಹೆರೆದ, ಕಲ್ಲಿನಿಂದ ಉಜ್ಜಿದ, ಕೊನೆಗೆ ತನ್ನ ವಸಡಿಗೇ ಒತ್ತಿಕೊಂಡು ನೋಡಿದ. ಪಕ್ಕದಲ್ಲಿ ಮೊರ ಹೆಣೆಯುತ್ತಿದ್ದ ಹೆಂಡತಿ ನಕ್ಕಳು.

“ಏನು, ನೀನೇ ಕುಡಿಯಕ್ಕೆ ಮಾಡ್ಕಂಡಿದ್ದೀಯ?”

“ದನಕ್ಕೆ ಚುಚ್ಚಿದ್ರೆ ಅದು ಬಂದು ಹೇಳ್ತದಾ?” ಎಂದು ಅವನು ಮತ್ತೆ ಉಜ್ಜತೊಡಗಿದ.

ಸಂತೆಯಲ್ಲಿ ನನ್ನನ್ನು ಕೊಂಡವಳು ಸಿರಿಯಮ್ಮ. ಅವಳ ಮನೆಯಲ್ಲಿ ಒಂದು ಜೊತೆ ಎತ್ತು, ಎರಡು ಹಸು, ದೊಡ್ಡಿ ತುಂಬ ಕುರಿ. ಕೊಟ್ಟಿಗೆಯ ತೊಲೆಗೆ ಹೊಡೆದ ಗೂಟ ನನ್ನ ಜಾಗವಾಯಿತು. ಅಲ್ಲಿಂದ ಮನೆಯವರ ತಲೆಗಳಿಗಿಂತ ದನಗಳ ಬೆನ್ನೇ ಹೆಚ್ಚು ಕಾಣುತ್ತಿತ್ತು. ಬೆಳಗಾದರೆ ಹಿರಿ ಸೊಸೆ ಕೆಂಚಮ್ಮ ಹಾಲು ಕರೆಯಲು ಕೂರುತ್ತಿದ್ದಳು. ಕಿರಿ ಸೊಸೆ ಮಂಗಳ ಕುರಿಹಿಕ್ಕೆ ಗುಡಿಸಿ, ಕುಂಟುವ ಕುರಿಯ ಗೊರಸು ಎತ್ತಿ ನೋಡುತ್ತಿದ್ದಳು. ಯಾವ ಪ್ರಾಣಿಗೆ ಮದ್ದು ಹಾಕುವುದಿದ್ದರೂ ಸಿರಿಯಮ್ಮ ತಲೆ ಹಿಡಿಯುತ್ತಿದ್ದಳು, ಮಂಗಳ ನನ್ನನ್ನು ಹಿಡಿಯುತ್ತಿದ್ದಳು. “ನಿನ್ನ ಕೈ ಮೆತ್ತಗದೆ” ಎಂದು ಅತ್ತೆ ಅವಳಿಗೇ ಆ ಕೆಲಸ ಕಲಿಸಿದ್ದಳು. ಕೆಂಚಮ್ಮನಿಗೆ ಹಾಲಿನ ಕೈ, ಮಂಗಳಳಿಗೆ ಮದ್ದಿನ ಕೈ ಎಂದು ಊರವರೂ ಹೇಳುತ್ತಿದ್ದರು. ಕೆಲಸವಾದ ಮೇಲೆ ಸಿರಿಯಮ್ಮ ನನ್ನನ್ನು ಬಿಸಿನೀರಲ್ಲಿ ತೊಳೆದು, ಬಾಯಿ ಕೆಳಗಾಗಿ ಬಿಸಿಲಿಗೆ ಇಡುತ್ತಿದ್ದಳು. ಒಂದು ದಿನವೂ ಮರೆಯಲಿಲ್ಲ.

ಅವಳು ತೀರಿಕೊಂಡ ಮೇಲೆ ಮಕ್ಕಳಿಬ್ಬರೂ ಪಾಲಾದರು. ದನ ಹಿರಿಯವನಿಗೆ, ಕುರಿ ಕಿರಿಯವನಿಗೆ ಎಂದಾಯಿತು. ಅಂಗಳದ ನಡುವೆ ಜಾಲಿಮುಳ್ಳಿನ ಬೇಲಿ ಬಂತು. ಕೊಟ್ಟಿಗೆ ಹಿರಿಯವನ ಪಾಲಿಗೆ ಬಂದದ್ದರಿಂದ ಗೂಟದಲ್ಲಿದ್ದ ನಾನೂ ಅವನ ಕಡೆಗೇ ಉಳಿದೆ. ನನ್ನನ್ನು ಹಿಡಿಯಬಲ್ಲ ಕೈ ಬೇಲಿಯ ಆಚೆ ಹೋಯಿತು. ಪಂಚಾಯ್ತಿಗೆ ಕೂತ ಹಿರಿಯರಾರಿಗೂ ಇದು ಹೊಳೆಯಲಿಲ್ಲ. ಹೊಳೆಯುವಂಥ ವಿಷಯವೂ ಅಲ್ಲ, ಬಿಡಿ.

ಗಂಡಸರು ಆಮೇಲೂ ಮಾತಾಡಿಕೊಂಡೇ ಇದ್ದರು. ಮುನಿಸು ಬೆಳೆದದ್ದು ಹೆಂಗಸರ ನಡುವೆ. ಪಾಲಿನ ದಿನ ಯಾರೋ ಏನೋ ಅಂದರಂತೆ, ಇನ್ನಾರೋ ಅದನ್ನು ದಾಟಿಸಿದರಂತೆ. ಆ ವರ್ಷ ಮಂಗಳಳ ಒಂದು ಕುರಿ ಈದು ಸುಸ್ತಾಗಿ ಮಲಗಿಬಿಟ್ಟಿತು. ಅವಳು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು.

“ಅಕ್ಕಾ, ಗೊಟ್ಟ ಕೊಡ್ತೀಯಾ? ಗಂಜಿ ಕುಡಿಸ್ಬೇಕು.”

ಕೆಂಚಮ್ಮ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. “ಎಲ್ಲೋ ಇಟ್ಟಿದೀನಿ ಕಣೆ. ಸಿಗ್ತಿಲ್ಲ.”

ನಾನು ಅವಳ ನೆತ್ತಿಯ ಮೇಲೇ ತೂಗುತ್ತಿದ್ದೆ. ಮಂಗಳ ಒಮ್ಮೆ ತಲೆಯೆತ್ತಿ, ತಗ್ಗಿಸಿ, ಹೊರಟುಹೋದಳು. ಬಾಟಲಿಯಲ್ಲಿ ಗಂಜಿ ಕುಡಿಸಿದಳೆಂದೂ ಕುರಿ ಉಳಿಯಲಿಲ್ಲವೆಂದೂ ಆಮೇಲೆ ಕಿವಿಗೆ ಬಿತ್ತು. ಗೊಟ್ಟವಿದ್ದರೆ ಉಳಿಯುತ್ತಿತ್ತೇ? ನನಗೆ ತಿಳಿಯದು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು.

ಮುಂದಿನ ಮಳೆಗಾಲದ ಹೊತ್ತಿಗೆ ಕೆಂದಿ ಎಂಬ ಕೆಂಪು ಹಸು ತುಂಬುಗಬ್ಬವಾಗಿತ್ತು. ಇನ್ನೊಂದು ಹಸು ಬತ್ತಿಹೋಗಿದ್ದರಿಂದ ಮನೆಯ ಹಾಲೆಲ್ಲ ಇದು ಈಯುವುದರ ಮೇಲೇ ನಿಂತಿತ್ತು. ಒಂದು ಮಧ್ಯಾಹ್ನ ಕೆಂದಿ ಹಗ್ಗ ಕಿತ್ತುಕೊಂಡು, ಬೇಲಿ ನುಗ್ಗಿ, ಮಂಗಳ ಕುರಿಮರಿಗಳಿಗೆಂದು ಬೆಳೆಸಿದ್ದ ಕುದುರೆಮೆಂತೆಯ ಮಡಿಗೆ ಬಾಯಿ ಹಾಕಿತು. ಬೆಳಗಿನ ಮಳೆಗೆ ಸೊಪ್ಪು ಒದ್ದೆಯಾಗಿತ್ತು. ಕೆಂಚಮ್ಮ ಎಳೆದು ತರುವಷ್ಟರಲ್ಲಿ ಅರ್ಧ ಮಡಿ ಬೋಳಾಗಿತ್ತು.

ಸ್ವಲ್ಪ ಹೊತ್ತಿಗೇ ಒದ್ದೆ ಸೊಪ್ಪಿನ ಗಾಳಿ ತುಂಬಿ ಕೆಂದಿಯ ಎಡಹೊಟ್ಟೆ ಊದಿತು. ತಟ್ಟಿದರೆ ತಮಟೆಯಂತೆ ಸದ್ದು. ಬಾಯಿ ತೆರೆದು, ನಾಲಿಗೆ ಚಾಚಿ, ಕಾಲು ಅಗಲಿಸಿ ನಿಂತಿತು. ಕೆಂಚಮ್ಮನ ಗಂಡ ಡಾಕ್ಟರನ್ನು ಕರೆತರಲು ಬೈಕ್ ಹತ್ತಿದ. ಮೈದುನ ಕುರಿ ಹೊಡೆದುಕೊಂಡು ಕಾವಲಿನ ಕಡೆ ಹೋಗಿದ್ದ. ಬೇಲಿಯ ಆಚೆ ಕೂಗಿದರೆ ಮಂಗಳ ಇದ್ದಾಳೆ. ಆದರೆ ಅವಳ ಮೆಂತೆ ತಿಂದ ಹಸುವಿಗೆ ಅವಳನ್ನೇ ಹೇಗೆ ಕರೆಯುವುದು? ಕೆಂಚಮ್ಮ ಕರೆಯಲಿಲ್ಲ. ನನ್ನನ್ನು ಗೂಟದಿಂದ ಕಿತ್ತು, ಕಡಲೆಕಾಯಿ ಎಣ್ಣೆ ತುಂಬಿದಳು.

ಕೆಂದಿಯ ಕೊಂಬಿಗೆ ಹಗ್ಗ ಹಾಕಿ, ತೊಲೆಯ ಮೇಲಿಂದ ಎಳೆದು, ಮೂತಿ ಸೂರು ನೋಡುವಂತೆ ಕಟ್ಟಿದಳು. ಒಂದು ಕೈಯಲ್ಲಿ ನಾಲಿಗೆ ಹಿಡಿದೆಳೆದು ನನ್ನನ್ನು ಗಂಟಲಿಗೆ ತೂರಿಸಿದಳು. ಕೆಂದಿ ಕೆಮ್ಮಿತು. ಅವಳು ಇನ್ನಷ್ಟು ಸುರಿದಳು. ಎಣ್ಣೆ ಹೊಟ್ಟೆಯ ದಾರಿ ಹಿಡಿಯಿತೋ ಉಸಿರಿನ ದಾರಿ ಹಿಡಿಯಿತೋ ನನಗೆ ತಿಳಿಯುತ್ತದೆ. ಹೇಳಲು ಬರುವುದಿಲ್ಲ. ಪುಪ್ಪುಸಕ್ಕೆ ಎಣ್ಣೆ ಇಳಿದರೆ ಹಸುವೂ ಇಲ್ಲ, ಹೊಟ್ಟೆಯೊಳಗಿನ ಕರುವೂ ಇಲ್ಲ.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಕೂಗು ಬಂತು.

“ಕಟ್ಟಿ ಸಾಕಕ್ಕೆ ಬರ್ದೇ ಇದ್ರೆ ದನ ಯಾಕೆ ಸಾಕ್ಬೇಕು? ನನ್ನ ಮಡೀನೆಲ್ಲ ಬೋಳಿಸಿ ಇಟ್ಟೈತೆ!” ಮಂಗಳ ಕೋಲು ಹಿಡಿದೇ ನುಗ್ಗಿದಳು. ಕೆಂದಿಯನ್ನು ಕಂಡವಳೇ ಕೋಲು ಬಿಸುಟಳು.

“ನಾಲಿಗೆ ಬಿಡಕ್ಕಾ! ನಾಲಿಗೆ ಹಿಡಿದ್ರೆ ಅದು ನುಂಗೋದು ಹೆಂಗೆ? ಹಗ್ಗ ಇಳಿಸು!”

ಹಗ್ಗ ಸಡಿಲವಾಯಿತು. ಕೆಂದಿ ತಲೆ ತಗ್ಗಿಸಿ ಕೆಮ್ಮಿ ಕೆಮ್ಮಿ ಎಣ್ಣೆ ಉಗುಳಿತು. ಮಂಗಳ ಸೆರಗಿನಿಂದ ಅದರ ಮೂಗು ಒರೆಸಿ ನನ್ನನ್ನು ಕಿತ್ತುಕೊಂಡಳು. ನನ್ನನ್ನೂ ಕೆಂಚಮ್ಮನನ್ನೂ ಒಮ್ಮೆ ನೋಡಿದಳು.

“ಸಿಕ್ತಾ, ಕೊನೆಗೂ?”

ಕೆಂಚಮ್ಮನ ಮುಖ ಸಣ್ಣಗಾಯಿತು. “ಬಯ್ಯೋದಿದ್ರೆ ಆಮೇಲೆ ಬಯ್ಯೇ. ಮೊದ್ಲು ಇದನ್ನ ಉಳಿಸು.”

“ಬಯ್ತೀನಿ. ಬಿಡ್ತೀನಿ ಅನ್ಕಬೇಡ. ತಲೆ ಹಿಡ್ಕಾ.”

ಕೆಂಚಮ್ಮ ಕೆಂದಿಯ ತಲೆಯನ್ನು ಎದೆಗೆ ಅವಚಿಕೊಂಡಳು. ಮಂಗಳ ನನ್ನನ್ನು ಕಟವಾಯಿಯಿಂದ ನಿಧಾನವಾಗಿ ಒಳಗಿಟ್ಟು ಒಂದು ಗುಟುಕು ಬಿಟ್ಟಳು, ನಿಂತಳು. ಗಂಟಲು ಆಡಿತು. ಇನ್ನೊಂದು ಗುಟುಕು. ಕೆಮ್ಮಿದರೆ ತಕ್ಷಣ ನನ್ನನ್ನು ಹೊರಗೆಳೆಯುವಳು. ನಡುವೆ ಕೆಂದಿ ನೋವಿಗೆ ದವಡೆ ಕಚ್ಚಿತು. ನನ್ನ ಮೈ ಬಾಯಿಯಿಂದ ನಡುವಿನವರೆಗೆ ಚರಕ್ಕನೆ ಸೀಳಿತು. ಮಂಗಳ ಸೀಳಿಗೆ ಅಂಗೈ ಒತ್ತಿ ಹಿಡಿದು ಉಳಿದ ಎಣ್ಣೆಯನ್ನೂ ಕುಡಿಸಿದಳು.

ಅಗಿಯುತ್ತಾ ಗಾಳಿ ತೇಗಲೆಂದು ಬೇವಿನ ಕಡ್ಡಿಯೊಂದನ್ನು ಬಾಯಿಗೆ ಅಡ್ಡ ಕಟ್ಟಿದರು. ಮುಂಗಾಲುಗಳನ್ನು ಜಗಲಿಯ ಮೇಲೆ ಹತ್ತಿಸಿದರು. ಮಂಗಳ ಎಡಹೊಟ್ಟೆಯನ್ನು ಮುಷ್ಟಿಯಿಂದ ನಾದತೊಡಗಿದಳು. ಕೆಂದಿಯ ಮಂಡಿ ಬಾಗಿತು.

“ಮಲಗಿದ್ರೆ ಮುಗೀತು ಅಕ್ಕಾ!”

ಕೆಂಚಮ್ಮ ಹೆಗಲು ಕೊಟ್ಟು ನಿಂತಳು. ಕೆಂದಿ ಕಡ್ಡಿಯನ್ನು ಕಚ್ಚುತ್ತಲೇ ಇತ್ತು. ನಾನು ನೆಲದ ಮೇಲೆ ಎಣ್ಣೆಯಲ್ಲಿ ತೊಯ್ದು ಬಿದ್ದು, ಅವರ ನಾಲ್ಕು ಪಾದಗಳನ್ನು ನೋಡುತ್ತಿದ್ದೆ.

ಕೊನೆಗೆ ಹೊಟ್ಟೆಯ ಆಳದಿಂದ ಒಂದು ದೊಡ್ಡ ತೇಗು ಬಂತು. ಹಿಂದೆಯೇ ಇನ್ನೊಂದು. ಎರಡನೆಯದು ನೇರವಾಗಿ ಕೆಂಚಮ್ಮನ ಮುಖಕ್ಕೆ.

“ಥೂ!” ಎಂದಳು ಅವಳು.

“ನನ್ನ ಮೆಂತೆ ವಾಸ್ನೆ. ಚೆನ್ನಾಗಿ ಕುಡಿ” ಎಂದಳು ಮಂಗಳ. ಹೇಳಿದವಳೇ ಗೋಡೆಗೊರಗಿ ಕೂತು ಅತ್ತುಬಿಟ್ಟಳು. ಕೆಂಚಮ್ಮ ಲೋಟದಲ್ಲಿ ನೀರು ತಂದು ಅವಳ ಪಕ್ಕ ಇಟ್ಟು, ತಾನೂ ಕೂತಳು. ಗಂಡ ಡಾಕ್ಟರನ್ನು ಕರೆತರುವ ಹೊತ್ತಿಗೆ ಕೆಂದಿ ಮೆಲುಕು ಹಾಕುತ್ತಿತ್ತು. ಬಯ್ಗುಳದ ಬಾಕಿ ಹಾಗೆಯೇ ಉಳಿಯಿತು.

ಕೆಂದಿ ಸುಸೂತ್ರವಾಗಿ ಈದಿತು. ಗಿಣ್ಣು ಕಾಯಿಸಿದ ದಿನ ಕೆಂಚಮ್ಮ ಮೊದಲ ಬಟ್ಟಲನ್ನು ತಾನೇ ಬೇಲಿಯಾಚೆ ಒಯ್ದಳು.

ಸೀಳಿದ ಗೊಟ್ಟಕ್ಕೆ ಕೆಲಸವಿಲ್ಲ. ಈಗ ಎರಡೂ ಮನೆಯವರು ಮದ್ದಿಗೆ ಪ್ಲಾಸ್ಟಿಕ್ ಬಾಟಲಿ ಇಟ್ಟುಕೊಂಡಿದ್ದಾರೆ. ಕೆಂಚಮ್ಮ ನನ್ನನ್ನು ಒಲೆಗೆ ಹಾಕಲಿಲ್ಲ. ಅಟ್ಟದ ಮೇಲೆ, ಹಳೆಯ ಕಣ್ಣಿಹಗ್ಗಗಳ ಜೊತೆ ಇದ್ದೇನೆ. ಹಂಚಿನ ಸಂದಿಯಿಂದ ಬೇಲಿಯ ಎರಡೂ ಕಡೆ ಕಾಣುತ್ತದೆ. ಸತ್ತ ಆ ಕುರಿಯ ಮಾತನ್ನು ಇಬ್ಬರೂ ಈವರೆಗೆ ಎತ್ತಿಲ್ಲ. ಎತ್ತುತ್ತಾರೆಂದು ನಾನು ಬಹಳ ದಿನ ಕಾದೆ. ಈಗ ಕಾಯುವುದಿಲ್ಲ. ಮಂಗಳಳ ದೊಡ್ಡಿಯಲ್ಲಿ ಕುರಿ ಈಯುವ ಹೊತ್ತಿಗೆ ಕೆಂಚಮ್ಮ ಯಾರೂ ಕರೆಯದೆಯೇ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಾಳೆ. ಬಾಟಲಿ ನನ್ನ ಕೆಲಸವನ್ನು ನನಗಿಂತ ಚೆನ್ನಾಗಿಯೇ ಮಾಡಬಹುದು. ತಲೆ ಹಿಡಿಯಲು ಮಾತ್ರ ಅದಕ್ಕೂ ಇನ್ನೊಬ್ಬರು ಬೇಕು.