ಬಾವಿಗೆ ಹಾಕಿದ ಹಲಗೆ

ಮೊಮ್ಮಗಳು ಸ್ನೇಹಲ ನನ್ನ ಎರಡೂ ಮಣಿಕಟ್ಟಿಗೆ ಗಡಿಯಾರದಂಥ ಪಟ್ಟಿ ಕಟ್ಟಿದಳು. ಪಟ್ಟಿಯ ವಾಯರು ಅವಳ ಕಂಪ್ಯೂಟರಿಗೆ ಹೋಗಿತ್ತು, ಅಲ್ಲಿಂದ ಒಂದು ಸ್ಪೀಕರಿಗೆ. ಎರಡು ಸಾವಿರದ ಎಂಟು, ಅವಳು ಇಂಜಿನಿಯರಿಂಗ್ ಓದುತ್ತಿದ್ದ ಕಾಲ. ಮರುದಿನ ಹುಮನಾಬಾದಿನಲ್ಲಿ ವಿಜ್ಞಾನದ ಪ್ರದರ್ಶನವಿತ್ತು. ಅಲ್ಲಿ ವೇದಿಕೆಯ ಮೇಲೆ ಈ ಪಟ್ಟಿ ಕಟ್ಟಿಕೊಂಡು ತೋರಿಸಲು ನಾನೇ ಬರಬೇಕಂತೆ.

"ಕೈ ಬೀಸು ಮುತ್ಯಾ. ಬೀಸಿದ ಹಾಂಗ ಸಪ್ಪಳ ಬರ್ತದ."

"ಏನ್ ಸಪ್ಪಳ?"

"ಬೀಸು, ಗೊತ್ತಾಗ್ತದ."

ನೊಣ ಹೊಡೆದಂತೆ ಬಲಗೈ ಬೀಸಿದೆ. ಸ್ಪೀಕರು 'ಢಣ್' ಎಂದಿತು.

ಅದು ಹಲಗೆ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿದ ಹಲಗೆ.

ತೊಂಬತ್ತೆರಡರಲ್ಲಿ ಬಸವಕಲ್ಯಾಣದಲ್ಲಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದ ದಿನವೇ, ರಾಜೇಶ್ವರದ ನಮ್ಮ ಓಣಿಯವರು ಇದ್ದ ಹಲಗೆಗಳನ್ನೆಲ್ಲ ಹಾಳು ಬಾವಿಗೆ ಹಾಕಿದ್ದೆವು. ಊರಲ್ಲಿ ಯಾರು ಸತ್ತರೂ ನಮ್ಮನ್ನೇ ಕರೆಯುತ್ತಿದ್ದರು. ಚಪ್ಪಲಿ ಬಿಟ್ಟು ಹೆಣದ ಮುಂದೆ ಬಾರಿಸುತ್ತ ಹೋಗಬೇಕಿತ್ತು. ಇನ್ನು ಕರೆದರೆ ಹೋಗುವುದಿಲ್ಲ ಎಂದು ಮೊದಲು ಮಾತು ಕೊಟ್ಟವನು ನಾನು. ಆ ಮಾತಿಗೇ ಗೆಳೆಯ ಧಮ್ಮಪಾಲ ತನ್ನಪ್ಪನ ಹಲಗೆಯನ್ನೂ ಎಸೆದಿದ್ದ.

ಕೈ ಇಳಿಸಿದೆ. ಇಳಿಸಿದ್ದೂ ಒಂದು ಪೆಟ್ಟಾಯಿತು. ಅದಕ್ಕೆ ಎಡಗೈ ತಾನೇ ಉತ್ತರ ಕೊಟ್ಟಿತು. ನನಗೆ ತಿಳಿಯುವುದರೊಳಗೆ ಹೆಣದ ಮುಂದಿನ ಬಡಿತ ಪೂರಾ ಬಂದುಬಿಟ್ಟಿತ್ತು. ನನ್ನ ಕೈ ಬೇರೆ ಯಾರದೋ ಅನ್ನಿಸಿತು.

ಪಕ್ಕದ ಮನೆಯ ಸರುಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯವ್ವಾ, ಯಾರ್ ಹೋದ್ರು? ಯಾರ್ ಬಾರಸಾಕತ್ತಾರ?"

ಅವಳ ಹಿಂದೆಯೇ ಧಮ್ಮಪಾಲ. ಮೂಲೆ ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. "ಹಲಗಿ ಎಲ್ಲಿ ಮುಚ್ಚಿಟ್ಟೀದಿ, ನರಸಿಂಗ?"

ಖಾಲಿ ಅಂಗೈ ತೋರಿಸಿದೆ. ತೋರಿಸಿದ್ದಕ್ಕೂ 'ಢಣ್ ಢಣ್'.

ಸರುಬಾಯಿ ಹೌಹಾರಿ ಹಿಂದೆ ಸರಿದಳು. "ಇವನ ಮೈಯಾಗ ಏನರ ಹೊಕ್ಕದೇನ್ರಿ!"

ಸ್ನೇಹಲಳ ಮುಖ ಬಾಡಿತು. "ಮುತ್ಯಾ ಚಲೋ ಬಾರಸ್ತಿದ್ದ ಅಂತಷ್ಟ ಕೇಳಿದ್ದೆ. ದುಬಲಗುಂಡಿ ಮದವ್ಯಾಗ ರೆಕಾರ್ಡ್ ಮಾಡ್ಕೊಂಡಿದ್ದು ಇದು. ಬ್ಯಾಡಂದ್ರ ತೆಗೀತೀನಿ."

"ತೆಗಿ," ಎಂದ ಧಮ್ಮಪಾಲ. "ಓಣಿ ಮಂದಿ ಕೈ ಎಲ್ಲಾ ಮರತಾವ, ಇವನವೇ ಮರತಿಲ್ಲ. ಬೇಕಾದ್ರ ನನಗ ಕಟ್ಟಿ ನೋಡು."

ಕಟ್ಟಿದಳು. ಅವನು ಕೈ ಚಾಚಿ ಕಲ್ಲಿನಂತೆ ನಿಂತ. ನಮ್ಮ ಕಣ್ಣಿಗೆ ಆ ಕೈ ಅಲುಗಲೇ ಇಲ್ಲ. ಸ್ಪೀಕರಿನಿಂದ ಮಾತ್ರ ಸಣ್ಣಗೆ ಅದೇ ಬಡಿತ ಬರತೊಡಗಿತು, ದೂರದ ಊರಲ್ಲಿ ಯಾರೋ ಬಾರಿಸಿದಂತೆ. ಧಮ್ಮಪಾಲ ತನ್ನ ಕೈಯನ್ನೇ ನೋಡುತ್ತ ಕುಸಿದು ಕುಳಿತ.

ಪಟ್ಟಿ ಬಿಚ್ಚಿ ಕೊಟ್ಟು ನನ್ನನ್ನು ಕೇಳಿದ: "ಕರದ್ರ ಹೋಗಂಗಿಲ್ಲ ಅಂದಿದ್ವಿ. ನಿನಗ ಈಗ ಯಾವ ಸಾವ್ಕಾರ ಕರದಾನ?"

"ಮೊಮ್ಮಗಳು ಕರದಾಳ."

"ಹಂಗಾದ್ರ ಹೋಗು. ಹೆಣದ್ದು ಬಾರಸಬ್ಯಾಡ. ನಾನೂ ಬರ್ತೀನಿ, ನಿನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ."

ಹುಮನಾಬಾದಿನಲ್ಲಿ ನನ್ನ ಹೆಸರು ಕೂಗಿದರು. ವೇದಿಕೆಯ ಮೆಟ್ಟಿಲ ಹತ್ತಿರ ಬಂದೆ. ಕಾಲು ತಾನಾಗಿ ಚಪ್ಪಲಿ ಬಿಟ್ಟುಬಿಟ್ಟಿತ್ತು. ನನಗೆ ಅದರ ಖಬರೇ ಇರಲಿಲ್ಲ.

ಮಂದಿಯ ನಡುವಿನಿಂದ ಧಮ್ಮಪಾಲ ಚೀರಿದ: "ನರಸಿಂಗಾ, ಚಪ್ಪಲಿ!"

ಹಿಂದೆ ಬಂದು ಮೆಟ್ಟಿಕೊಂಡೆ. ಆಮೇಲೆ ಮೇಲೆ ಹತ್ತಿ ಕೈ ಎತ್ತಿದೆ.